ಪ್ರೆಸ್ ಶಾಪಿನಿಂದ ಬಂದ ಮಾತು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದಾರೆ. ಹಿರಿಯರು ನಮ್ಮ ಇನ್‌ಸ್ಪೆಕ್ಷನ್ ರೂಮಿನಲ್ಲಿ ಕೂತವರಲ್ಲ. ಅಲ್ಲಿ ಆಡಿದ ಮಾತು ಎಲ್ಲಿಗೂ ಹೋಗುತ್ತಿರಲಿಲ್ಲ; ಕಿಟಕಿ ಮುಚ್ಚಿದ ಆ ಪುಟ್ಟ ಕೋಣೆಯಲ್ಲಿ ಶಿಫ್ಟ್ ಮುಗಿಯುವವರೆಗೂ ನನ್ನ ಜೊತೆಗೇ ಇರುತ್ತಿತ್ತು.

ತೊಂಬತ್ತರ ದಶಕದ ಮಧ್ಯದಲ್ಲಿ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೆ. ತಯಾರಾದ ಬುಷ್‌ಗಳನ್ನು, ಅಂದರೆ ಯಂತ್ರಕ್ಕೆ ಕೂರಿಸುವ ಲೋಹದ ಬಳೆಗಳನ್ನು, ಅಳೆದು, ಸರಿಯಿದ್ದ ಡಬ್ಬಿಗೆ ಹಸಿರು ಚೀಟಿ, ಕೆಟ್ಟಿದ್ದಕ್ಕೆ ಕೆಂಪು ಚೀಟಿ ಅಂಟಿಸುವುದು ಕೆಲಸ. ಏಳು ವರ್ಷ ಋಷಿಯ ಹಾಗೆ ಏಕಾಂತದಲ್ಲಿ ಮಾಡಿದ್ದೆ. ಆಮೇಲೆ, ಯಂತ್ರಗಳು ತಗಡು ಬಡಿಯುವ ಪ್ರೆಸ್ ಶಾಪಿನ ಹಿರಿಯ ಆಪರೇಟರೊಬ್ಬರಿಗೆ ಕಿವಿ ಮಂದವಾಗುತ್ತಿದೆ, ಸದ್ದಿನಿಂದ ದೂರವಿಡಿ ಎಂದು ಡಾಕ್ಟರು ಬರೆದುಕೊಟ್ಟರು. ಡಬ್ಬಿ ಕಟ್ಟುವ ಹಗುರ ಕೆಲಸ ಕೊಟ್ಟು ಅವರನ್ನು ನನ್ನ ಎದುರಿನ ಕುರ್ಚಿಗೆ ಹಾಕಿದರು. ಕಾರ್ಖಾನೆಯ ಪಕ್ಕದ ಹಳ್ಳಿಯವರೇ. ಹದಿನೆಂಟು ವರ್ಷ ಪವರ್ ಪ್ರೆಸ್ಸಿನ ಪಕ್ಕ ನಿಂತು ಮಾತಾಡಿದ್ದರು; ಒಬ್ಬರಿಗೂ ಕೇಳಿಸಿರಲಿಲ್ಲ. ನಾನೇ ಮೊದಲ ಶ್ರೋತೃ.

ಕ್ಯಾಂಟೀನಿನಲ್ಲಿ ಪ್ರೆಸ್ ಶಾಪಿನವರನ್ನು ಕೇಳಿದೆ: "ಹೆಂಗ್ರಪ್ಪಾ ತಡ್ಕೊಂಡಿದ್ರಿ?"

"ಅವ್ರು ಮಾತಾಡ್ತಿದ್ರಾ?" ಒಬ್ಬ ಬೆರಗಾದ. "ಎಲೆ ಅಡಿಕೆ ಅಗೀತಾರೆ ಅನ್ಕೊಂಡಿದ್ವಿ ಕಣ್ರೀ!"

ಅವರ ಮಾತಿಗೆ ವಿಷಯದ ಹಂಗಿರಲಿಲ್ಲ. ಬೋರ್‌ವೆಲ್ಲಿನಿಂದ ಹೊರಟು ಬೀಗರ ಎಮ್ಮೆಗೆ ಹೋಗಿ, ಎಮ್ಮೆಯಿಂದ ನನ್ನ ಬೋಳುತಲೆಗೆ ಬರುತ್ತಿತ್ತು. ನಾನು ಉತ್ತರ ಕೊಡದಿದ್ದರೂ ಅಡ್ಡಿಯಿಲ್ಲ; ಕೊಟ್ಟರೂ ಕೇಳಿಸುತ್ತಿರಲಿಲ್ಲ. "ಅಂಗಲ್ಲ ಸಾರ್, ಇಂಗ್ ಕೇಳಿ" ಎಂದು ನಾನು ಆಡದ ಮಾತನ್ನೂ ಅಲ್ಲಗಳೆಯುತ್ತಿದ್ದರು. ಸಂಜೆ ಮನೆಯಲ್ಲಿ ಹೆಂಡತಿ "ಸಕ್ಕರೆ ಸಾಕಾ?" ಎಂದರೂ ನನಗೆ ಸುಸ್ತಾಗುತ್ತಿತ್ತು.

ಒಂದು ದಿನ, ಅವರ ಕತೆಯಲ್ಲಿ ಎಮ್ಮೆ ಕರು ಹಾಕುವ ಘಟ್ಟದಲ್ಲಿ, ಕೆಂಪು ಚೀಟಿ ಬೀಳಬೇಕಾದ ಡಬ್ಬಿಗಳಿಗೆಲ್ಲ ಹಸಿರು ಅಂಟಿಸಿಬಿಟ್ಟೆ. ಮಾಲು ಗಿರಾಕಿಯ ಬಾಗಿಲು ಕಂಡು ಹಿಂತಿರುಗಿತು. ಆಗಲೇ ಒಂದು ಮೆಮೊ ತಿಂದವನು ನಾನು. ಎರಡನೆಯದು ಸಿಕ್ಕರೆ ಕೆಲಸ ಹೋದ ಹಾಗೇ.

ವರ್ಕ್ಸ್ ಮ್ಯಾನೇಜರು ಕರೆದರು. ಎದುರು ಕುರ್ಚಿಯವರ ಮಾತಿನಿಂದ ಕೆಲಸ ಕೆಡುತ್ತಿದೆ, ಬೇರೆಡೆ ಹಾಕಿ ಎಂದು ಒಂದು ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡು ಹೋದೆ. ನನ್ನ ಬಳಿ ಇದ್ದ ಸಮಜಾಯಿಷಿ ಅದೊಂದೇ. ಬಾಯಿ ತೆರೆಯುವ ಮೊದಲೇ ಆಪರೇಟರೂ ನನ್ನ ಹಿಂದೆ ಒಳಗೆ ಬಂದರು.

"ಸಾರ್, ಈವಯ್ಯಂದೇನೂ ತಪ್ಪಿಲ್ಲ. ನಾನೇ ಬಾಯ್ ಬಡ್ಕೊಂಡು ಕೆಡಿಸ್ದೆ. ಅದೆಂಗಾಯ್ತು ಅಂದ್ರೆ..."

ಹೇಗಾಯಿತು ಎಂಬುದು ಬೋರ್‌ವೆಲ್ಲಿನಿಂದ ಶುರುವಾಯಿತು. ಮ್ಯಾನೇಜರು ಮೂರು ಸಲ "ಆಯ್ತು, ಆಯ್ತು" ಎಂದರು. ಅದು ಮುಟ್ಟಬೇಕಾದ ಕಿವಿಗೆ ಮುಟ್ಟಲಿಲ್ಲ. ನನ್ನ ಮೆಮೊಗೆ ಸಹಿ ಹಾಕಲು ತೆಗೆದ ಪೆನ್ನು ಎಮ್ಮೆ ಬರುವ ಹೊತ್ತಿಗೆ ಮತ್ತೆ ಜೇಬು ಸೇರಿತು. ಕರು ಹುಟ್ಟುವಷ್ಟರಲ್ಲಿ ಮೆಮೊ ಹರಿದು ಕಸದ ಬುಟ್ಟಿಗೆ ಬಿತ್ತು.

"ಇಬ್ರೂ ಹೋಗ್ರೀ, ದಯವಿಟ್ಟು."

ಮೆಟ್ಟಿಲಿಳಿಯುವಾಗ ನನ್ನ ಜೇಬಿನ ಕಡೆ ನೋಡಿ, "ಅದೇನ್ ಸಾರ್ ಕಾಗ್ದ?" ಎಂದರು.

"ಏನಿಲ್ಲ" ಎಂದೆ. ಅದೂ ಅವರಿಗೆ ಕೇಳಿಸಲಿಲ್ಲ.

ಅರ್ಜಿ ಕೊಡಲಿಲ್ಲ. ನಿವೃತ್ತರಾಗುವವರೆಗೆ, ಇನ್ನೂ ನಾಲ್ಕು ವರ್ಷ, ಅವರು ನನ್ನ ಎದುರಿನ ಕುರ್ಚಿಯಲ್ಲೇ ಇದ್ದರು.