ಮೂರು ಸಲ ಆರಿಸಿದ ಅಕ್ಕಿ

ಶೋರ್‌ಲೈನ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಯಹೂದಿ ಅಜ್ಜಿ ಅಕ್ಕಿ ಕೇಳಿದರೆಂದು, ಮನೆಯ ಡಬ್ಬದಿಂದಲೇ ಎರಡು ಸೇರು ಸೋನಾ ಮಸೂರಿ ಅಳೆದು ಕೊಟ್ಟಿದ್ದೆ. ಮಾರನೆಯ ದಿನ ಹೋದರೆ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಒಂದೊಂದೇ ಕಾಳು ಸರಿಸಿ ನೋಡುತ್ತಿದ್ದಾರೆ! ಮೈ ಉರಿದುಹೋಯಿತು. ನಮ್ಮನೆ ಅಕ್ಕಿಯಲ್ಲಿ ಹುಳ ಇದೆ ಅಂದುಕೊಂಡರೇ?

"ಏನ್ ಹುಡುಕ್ತಿದೀರಿ?" ಮುಖ ಬಿಗಿದುಕೊಂಡೇ ಕೇಳಿದೆ. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು. ನೆನಪಿನಲ್ಲಿ ಮಾತ್ರ ಅಜ್ಜಿ ಕನ್ನಡದಲ್ಲೇ ಗದರುತ್ತಾರೆ.

"ಗೋಧಿ. ಪಾಸೋವರ್ ಹಬ್ಬದ ಅಕ್ಕೀಲಿ ಒಂದು ಕಾಳು ಗೋಧಿನೂ ಇರಬಾರ್ದು. ಮೂರು ಸಲ ಆರಿಸ್ಬೇಕು. ಟರ್ಕಿಯಿಂದ ಬಂದ ನಮ್ಮಮ್ಮ ಹೀಗೇ ಮಾಡ್ತಿದ್ರು. ನನಗೆ ಕಣ್ಣು ಮಂಜು, ಕೂತ್ಕೊಳಮ್ಮ."

ಅಜ್ಜಿಯ ಸೊಸೆ ಕೈಕಟ್ಟಿ ಒಲೆಯ ಹತ್ತಿರ ನಿಂತಿದ್ದಳು. ಅವಳೂ ಯಹೂದಿಯೇ, ಆದರೆ ಪೋಲೆಂಡಿನ ಕಡೆಯವಳು. ಅವಳ ತವರಿನಲ್ಲಿ ಈ ಹಬ್ಬಕ್ಕೆ ಅಕ್ಕಿಯನ್ನೇ ಮುಟ್ಟುವುದಿಲ್ಲವಂತೆ. ಏರ್‌ಪೋರ್ಟಿನ ಅಧಿಕಾರಿಗಳು ನಮ್ಮ ಉಪ್ಪಿನಕಾಯಿ ಬಾಟಲಿಯನ್ನು ನೋಡುವ ಹಾಗೆ ಆ ಅಕ್ಕಿಯನ್ನು ನೋಡುತ್ತಿದ್ದಳು.

ಅವಳು ಫೋನಿಗೆಂದು ಹೊರಹೋದಾಗ ಅಜ್ಜಿ ಪಿಸುಗುಟ್ಟಿದರು. "ಹೋದ ವರ್ಷ ಹಬ್ಬಕ್ಕೆ ಅನ್ನ ಬಡಿಸಿದ್ರೆ, ಇವಳು ಮಗು ಮುಂದಿನ ತಟ್ಟೆನೇ ಎಳ್ಕೊಂಡ್ಳು. ಇರೋದು ಒಬ್ಬಳೇ ಮೊಮ್ಮಗಳು. ನಮ್ಮಮ್ಮನ ಟೊಮೇಟೊ ಅನ್ನ ನನ್ನ ಜೊತೆಗೇ ಮುಗಿದುಹೋಗ್ಬೇಕಾ?"

ಸಂಕಟವಾಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಎರಡು ಸಲ ಆರಿಸಿ ಮುಗಿಯಿತು. ಅಷ್ಟರಲ್ಲಿ ಸೊಸೆ ಬಂದು ಮತ್ತೆ ಅಲ್ಲೇ ನಿಂತಳು. ಮೂರನೆಯ ಸಲ, ಇನ್ನೇನು ಒಂದು ಹಿಡಿ ಉಳಿದಿದೆ ಅನ್ನುವಾಗ, ಅಯ್ಯೋ ರಾಮ, ಗೋಧಿ ಕಾಳು! ಹುಗ್ಗಿಗೆ ಗೋಧಿ ಅಳೆದ ಪಾವಿನಲ್ಲೇ ನಾನು ಅಕ್ಕಿಯನ್ನೂ ಅಳೆದಿದ್ದೆ. ಸೊಸೆಗೆ ಗೊತ್ತಾದರೆ ಅಜ್ಜಿಯ ಆಸೆ ಮುಗಿದ ಹಾಗೆಯೇ. ಸೆರಗಿನೊಳಗೆ ಉದುರಿಸಿಬಿಡಲೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

"ಸಿಕ್ತು," ಎಂದೆ. "ತಪ್ಪು ನಂದೇ."

ಅಜ್ಜಿಯ ಮುಖ ಕಪ್ಪಿಟ್ಟಿತು. ಸೊಸೆಯ ಕಡೆ ತಿರುಗಿಯೂ ನೋಡದೆ, ಆರಿಸಿದ ಅಕ್ಕಿಯನ್ನೆಲ್ಲ ಮತ್ತೆ ಒಟ್ಟಿಗೆ ಗುಡ್ಡೆ ಮಾಡಿದರು. "ಮೊದಲಿಂದ."

"ಒಂದು ಕಾಳಿಗೆ ಮತ್ತೆ ಅಷ್ಟೂನಾ?" ಸೊಸೆ ಕೇಳಿದಳು.

"ಅಷ್ಟೂ."

ಅವಳೂ ಕುರ್ಚಿ ಎಳೆದುಕೊಂಡು ಕೂತಳು. "ನಾನು ತಿನ್ನಲ್ಲ. ನಮ್ಮಮ್ಮನ ಪದ್ಧತಿ ಬಿಡಕ್ಕಾಗಲ್ಲ. ಮಗುಗೆ ಬಡಿಸಿ."

ಅಜ್ಜಿ ನಂಬಲಿಲ್ಲ. "ಬಡಿಸಿದ ಮೇಲೆ ತಟ್ಟೆ ಎಳ್ಕೊಂಡ್ರೆ?"

ಸೊಸೆ ತಲೆ ತಗ್ಗಿಸಿ ಕಾಳು ಸರಿಸತೊಡಗಿದಳು. "ಇಲ್ಲ ಅತ್ತೆ. ಪಕ್ಕದಲ್ಲಿ ಕೂತು ನಾನೇ ತಿನ್ನಿಸ್ತೀನಿ."