ಮೂರನೆಯ ಪ್ಲಗ್ಗು

ಯುದ್ಧದ ಕಾಲ. ನಾನು ಬಾಳೆಹೊನ್ನೂರಿನ ಅಡಿಕೆ ಸಾಹುಕಾರರೊಬ್ಬರ ಕಾರು ಓಡಿಸುತ್ತಿದ್ದೆ. ಬಯಲುಸೀಮೆಯಿಂದ ಬಂದವನು, ಆ ಊರಿನಲ್ಲಿ ನನಗೆ ನಂಟರೂ ಇಲ್ಲ, ಇಷ್ಟರೂ ಇಲ್ಲ. ಕಾರಿನ ಶೆಡ್ಡಿಗೆ ತಾಗಿದ ಕೋಣೆಯಲ್ಲಿ ವಾಸ, ಸಾಹುಕಾರರ ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಊಟ. ಪೆಟ್ರೋಲಿಗೆ ಕೂಪನ್ನು ಬಂದ ಮೇಲೆ ಕಾರು ವಾರಕ್ಕೆ ಎರಡು ದಿನ ಹೊರಟರೆ ಹೆಚ್ಚು. ಉಳಿದ ದಿನಗಳಲ್ಲಿ ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದೆ.

ದಿನಕ್ಕೆರಡು ಬಾರಿ ನನ್ನೊಡನೆ ಮಾತಾಡುತ್ತಿದ್ದವರು ಮನೆಯ ಅಡುಗೆಯವರೊಬ್ಬರೇ. ಅರವತ್ತು ದಾಟಿದವರು, ಮಾತಿನಲ್ಲಿ ಮಹಾ ಜಿಪುಣರು. "ಅನ್ನ ಬೇಕಾ?" ಎಂದು ಶುರು, "ಸಾಕಾ?" ಎಂದು ಮುಗಿಯಿತು. ಮೋಟಾರಿನ ವಾಸನೆ ಬಡಿದರೆ ಸಾಕು, ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಜಯಪುರದವರೆಗೆ ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತೇನೆ ಬನ್ನಿ ಎಂದು ನಾನೊಮ್ಮೆ ರೇಗಿಸಿದ್ದಕ್ಕೆ, "ನಿನ್ ಕಾರು ನಿಂಗೇ ಇರ್ಲಿ ಮಾರಾಯ, ನಂಗೆ ಕಾಲಿದೆ" ಎಂದು ಸೌಟು ತೋರಿಸಿದ್ದರು.

ಆ ಆಷಾಢದಲ್ಲಿ ನನಗೆ ಚಳಿಜ್ವರ ಹಿಡಿಯಿತು. ರಜೆ ಕೇಳಿದೆ. ಸಾಹುಕಾರರು "ಹೂಂ, ಹೋಗಿ ಬಾ" ಎಂದರು. ಯಾವ ಆಸ್ಪತ್ರೆಗೆ ಎಂದು ಕೇಳಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೇಕೆಂದೇ ಬಾಯಿ ಬಿಗಿದುಕೊಂಡೆ ಎನ್ನುವುದೇ ನಿಜ. ನಾನಿಲ್ಲದಿದ್ದರೆ ಯಾರಾದರೂ ವಿಚಾರಿಸುತ್ತಾರೋ ಇಲ್ಲವೋ, ನೋಡಿಯೇ ಬಿಡೋಣ ಎಂಬ ಹಟ ನನಗೆ. ಸಾಹುಕಾರರ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಕೊಪ್ಪದ ಆಸ್ಪತ್ರೆಯೇ. ನಾನೋ, ಮೊದಲು ಬಂದದ್ದು ನರಸಿಂಹರಾಜಪುರದ ಬಸ್ಸು, ಅದನ್ನೇ ಹತ್ತಿದೆ.

ಅಲ್ಲಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಬಾಗಿಲು ನೋಡುತ್ತಾ ಮಲಗಿದ್ದೆ. ಪಕ್ಕದ ಮಂಚದವನಿಗೆ ದಿನಾ ಮನೆಯಿಂದ ಗಂಜಿ ಬರುತ್ತಿತ್ತು. ತಂದವರು ನನ್ನ ಕಡೆಗೂ ಒಮ್ಮೆ ನೋಡಿ ಹೋಗುತ್ತಿದ್ದರು. ಆ ನೋಟವೇ ನನಗೆ ಜ್ವರಕ್ಕಿಂತ ಕಷ್ಟವಾಗಿತ್ತು. ನನ್ನನ್ನು ಕೇಳಿಕೊಂಡು ಒಂದು ನರಪಿಳ್ಳೆಯೂ ಬರಲಿಲ್ಲ.

ಹಿಂದಿರುಗಿದ ದಿನ ಅಡುಗೆಯವರು ಎಲೆ ಹಾಕಿ, "ಅನ್ನ ಬೇಕಾ?" ಎಂದರು. ಸಾಹುಕಾರರು, "ನಾಳೆ ಕೊಪ್ಪಕ್ಕೆ ಹೋಗೋದಿದೆ, ಗಾಡಿ ನೋಡ್ಕೋ" ಎಂದರು. ನಿನ್ನೆ ಸಂಜೆಯಷ್ಟೇ ಕಂಡವನೊಡನೆ ಆಡುವ ಮಾತು! ಅಷ್ಟು ದಿನ ಅವರ ತಮ್ಮನ ಮಗ ಕಾರು ಓಡಿಸಿದ್ದನಂತೆ. ಅರ್ಧ ಊಟಕ್ಕೇ ಎಲೆ ಮಡಚಿ ಎದ್ದೆ.

ಮರುದಿನ ಜಿಟಿಜಿಟಿ ಮಳೆ. ಜಯಪುರ ದಾಟಿ ಏರು ಸಿಕ್ಕಿದ್ದೇ ತಡ, ಎಂಜಿನ್ನು ಕುಂಟತೊಡಗಿತು. ನಾಲ್ಕು ಸಿಲಿಂಡರುಗಳಲ್ಲಿ ಒಂದು ಕೈಕೊಟ್ಟಿದೆ ಎಂದು ಸ್ಟಿಯರಿಂಗ್ ಹಿಡಿದ ಕೈಗೇ ಗೊತ್ತಾಯಿತು. ಬದಿಗೆ ನಿಲ್ಲಿಸಿ, ಎಂಜಿನ್ನು ಓಡುತ್ತಿರುವಂತೆಯೇ ಬಾನೆಟ್ಟು ಎತ್ತಿದೆ. ಮರದ ಹಿಡಿಯ ಸ್ಕ್ರೂಡ್ರೈವರನ್ನು ಮೊದಲ ಪ್ಲಗ್ಗಿನ ತಲೆಗೂ ಎಂಜಿನ್ನಿನ ಮೈಗೂ ತಾಗಿಸಿದೆ; ಹಾಗೆ ಮಾಡಿದರೆ ಆ ಪ್ಲಗ್ಗಿನ ಕಿಡಿ ತಪ್ಪಿಹೋಗುತ್ತದೆ. ಎಂಜಿನ್ನು ಇನ್ನಷ್ಟು ತಡವರಿಸಿತು. ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೆ ತಾಗಿಸಿದಾಗ ಸದ್ದು ಇದ್ದ ಹಾಗೆಯೇ ಇತ್ತು.

ಸಾಹುಕಾರರು ಕೊಡೆ ಹಿಡಿದು ಇಳಿದು ಬಂದರು. "ಅದೆಂತ ಮಾಡ್ತಿದೀಯ?"

"ಒಂದೊಂದೇ ಪ್ಲಗ್ಗಿನ ಬಾಯಿ ಮುಚ್ಚಿಸ್ತಾ ಇದ್ದೀನಿ ಸಾಹುಕಾರ್ರೆ. ಮುಚ್ಚಿದಾಗ ಎಂಜಿನ್ನಿಗೆ ಗೊತ್ತಾದರೆ ಅದು ದುಡೀತಿದೆ ಅಂತ. ಗೊತ್ತೇ ಆಗದಿದ್ದರೆ ಅದು ಇದ್ದೂ ಇಲ್ಲದ್ದು."

ಹೇಳಿ ಮುಗಿಸುವಷ್ಟರಲ್ಲಿ ನನಗೇ ಹೊಳೆಯಿತು. ನಾನು ಹನ್ನೊಂದು ದಿನ ಮಾಡಿದ್ದೂ ಇದೇ ಪರೀಕ್ಷೆ. ಮೂರನೆಯ ಪ್ಲಗ್ಗು ನಾನೇ.

ಎಂಜಿನ್ನು ನಿಲ್ಲಿಸಿ ಆ ಪ್ಲಗ್ಗು ಬಿಚ್ಚಿ, ಎರಡನೆಯದರ ಜಾಗಕ್ಕೆ ಹಾಕಿ, ಎರಡನೆಯದನ್ನು ಮೂರನೆಯದರ ಜಾಗಕ್ಕೆ ಹಾಕಿದೆ. ಮತ್ತೆ ಎಂಜಿನ್ನು ಓಡಿಸಿ ನೋಡಿದರೆ ಸತ್ತದ್ದು ಮೂರನೆಯ ಸಿಲಿಂಡರೇ; ಆ ಪ್ಲಗ್ಗು ಮಾತ್ರ ಹೊಸ ಜಾಗದಲ್ಲಿ ಚೆನ್ನಾಗಿ ದುಡಿಯುತ್ತಿತ್ತು. ಹಾಗಾದರೆ ತಪ್ಪು ಪ್ಲಗ್ಗಿನದಲ್ಲ. ಕಿವಿಗೊಟ್ಟಾಗ ಎಲ್ಲೋ ಸಣ್ಣಗೆ ಟಿಕ್ ಟಿಕ್ ಎನ್ನುತ್ತಿತ್ತು. ಮೂರನೆಯ ಪ್ಲಗ್ಗಿಗೆ ಕಿಡಿ ಒಯ್ಯುವ ವಯರು ತನ್ನನ್ನು ಹಿಡಿದಿಟ್ಟ ಕೊಂಡಿಯಿಂದ ಜಾರಿ, ಹೊಗೆ ಹೋಗುವ ಕೊಳವೆಗೆ ಒರಗಿ, ಮೇಲಿನ ರಬ್ಬರು ಸುಟ್ಟು ಬಿರಿದಿತ್ತು. ಕಿಡಿಯೆಲ್ಲ ದಾರಿಯಲ್ಲೇ ಸೋರಿಹೋಗುತ್ತಿತ್ತು, ಪ್ಲಗ್ಗಿಗೆ ತಲುಪುತ್ತಲೇ ಇರಲಿಲ್ಲ. ಎಂಜಿನ್ನು ನಿಲ್ಲಿಸಿ, ಒದ್ದೆ ಒರೆಸಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿ, ವಯರನ್ನು ಕೊಳವೆಯಿಂದ ದೂರ ಕಟ್ಟಿದೆ. ಅಷ್ಟೂ ಹೊತ್ತು ಸಾಹುಕಾರರು ತಾವು ನೆನೆದು ಎಂಜಿನ್ನಿಗೆ ಕೊಡೆ ಹಿಡಿದಿದ್ದರು. ಎಂಜಿನ್ನಿನ ಮೇಲಿದ್ದ ಆ ಕಾಳಜಿ ನೋಡಿ ನನಗೆ ಸಿಟ್ಟು ಬಂತು.

ಕೊಪ್ಪದಲ್ಲಿ ಅವರು ಕೆಲಸಕ್ಕೆ ಹೋದಾಗ ನಾನು ಕ್ವಿನೈನ್ ಕೇಳಲು ಆಸ್ಪತ್ರೆಗೆ ಹೋದೆ. ನಾನು ಯಾರ ಮನೆಯ ಡ್ರೈವರು ಎಂದು ಹೇಳಿದ್ದೇ ಕಾಂಪೌಂಡರು ಮುಖ ನೋಡಿದರು.

"ಓ, ಆ ಡ್ರೈವರು ನೀವೇನಾ! ನಿಮ್ಮನ್ನ ಹುಡುಕ್ಕಂಡು ಒಬ್ಬರು ಮುದುಕರು ಎರಡು ಸಲ ಬಂದಿದ್ರಲ್ಲ. ಇಲ್ಲ ಅಂದ್ರೆ ಕೇಳಲೇ ಇಲ್ಲ, ಮಂಚಮಂಚ ನೋಡಿದ್ರು. ಬಂದ್ರೆ ಕೊಡಿ ಅಂತ ಇದನ್ನ ಇಟ್ಟು ಹೋಗಿದ್ದಾರೆ."

ಔಷಧದ ಬಾಟಲಿಗಳ ನಡುವಿನಿಂದ ಒಂದು ಪುಟ್ಟ ಭರಣಿ ಬಂತು. ಬಾಯಿಗೆ ಬಟ್ಟೆ ಕಟ್ಟಿತ್ತು. ಒಳಗೆ ಹೇರಳೆಕಾಯಿ ಉಪ್ಪಿನಕಾಯಿ, ಜ್ವರದ ಬಾಯಿಗೆಂದು. ಆ ಬಟ್ಟೆ ನನಗೆ ಗೊತ್ತು; ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಇಳಿಸುವ ಬಟ್ಟೆಯ ತುಂಡು. ನನಗೆ ನಾಚಿಕೆಯಾಯಿತು. ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತೆ.

ಸಂಜೆ ಊಟಕ್ಕೆ ಕುಳಿತಾಗ ಭರಣಿಯನ್ನು ಎಲೆಯ ಪಕ್ಕ ಇಟ್ಟೆ. ಅಡುಗೆಯವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ಬಂದ ದಿನವೇ ಹೇಳಬಾರದಿತ್ತೇ ಅಯ್ಯಾ?" ಎಂದೆ.

"ಹೇಳ್ದೆ ಹೋದೋನು ನೀನು. ನಾನೆಂತಕ್ಕೆ ಹೇಳ್ಲಿ?" ಎಂದರು. ಭರಣಿಯ ಬಟ್ಟೆ ಬಿಚ್ಚುತ್ತಾ, "ಹೋಗ್ತಾ ಬರ್ತಾ ನಾಕು ಸಲ ವಾಂತಿ ಮಾಡ್ಕಂಡೆ ಆ ಬಸ್ಸಲ್ಲಿ. ಇನ್ಮೇಲೆ ಎಲ್ಲಿಗೆ ಅಂತ ಹೇಳಿ ಸಾಯಿ ಮಾರಾಯ."

ಆಮೇಲೆ ಅನ್ನ ಬಡಿಸಿದರು. ಬೇಕಾ ಎಂದು ಕೇಳಲಿಲ್ಲ.