ಕೋಟಿನವನ ಸಿಟ್ಟಿಗೆ ನಾನು ಕೊಟ್ಟ ಕಾರಣ

೧೯೬೧ರಲ್ಲಿ ನಾನು ಒಂದು ಟೂರಿಂಗ್ ಟಾಕೀಸಿನಲ್ಲಿ ವಿವರಣೆಕಾರನಾಗಿದ್ದೆ. ಈಗ ಆ ಕೆಲಸವೇ ಇಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ವಿಜಯಪುರಕ್ಕೆ ಆಗ ನಾವು ವಿಜಾಪುರ ಎನ್ನುತ್ತಿದ್ದೆವು. ಅಲ್ಲಿಂದ ಡೇರೆ ಕಿತ್ತು ತಿಕೋಟಾ, ಬಬಲೇಶ್ವರ, ಹೊನವಾಡ ಎಂದು ಊರೂರು ತಿರುಗುವ ನಮ್ಮ ಟಾಕೀಸಿಗೆ ಹೊಸ ಚಿತ್ರಗಳು ಸಿಗುತ್ತಿರಲಿಲ್ಲ. ದೊಡ್ಡ ಊರುಗಳಲ್ಲಿ ಓಡಿ ಓಡಿ ಸವೆದ ಪ್ರಿಂಟುಗಳು ಅಗ್ಗದ ಬಾಡಿಗೆಗೆ ಬರುತ್ತಿದ್ದವು, ಅವುಗಳಲ್ಲಿ ಇಂಗ್ಲಿಷ್ ಚಿತ್ರಗಳೂ ಇರುತ್ತಿದ್ದವು. ಹಾಡಿಲ್ಲದ, ಮಾತು ತಿಳಿಯದ ಚಿತ್ರಕ್ಕೆ ಜನ ಕೂಡಬೇಕಾದರೆ ಪರದೆಯ ಪಕ್ಕದಲ್ಲಿ ಒಬ್ಬ ಮೈಕ್ ಹಿಡಿದು ನಿಂತು ಕಥೆ ಹೇಳಬೇಕು. ಮ್ಯಾಟ್ರಿಕ್ ಪಾಸಾಗಿ, ಇಂಟರಿನಲ್ಲಿ ನಪಾಸಾಗಿ, ಗಂಟಲು ಮಾತ್ರ ಗಟ್ಟಿ ಇದ್ದ ನನಗೆ ಆ ಕೆಲಸ ಸಿಕ್ಕಿತು. ಜನ ನನ್ನನ್ನು ಮಾಸ್ತರ ಎಂದು ಕರೆಯುತ್ತಿದ್ದರು. ಆ ಮರ್ಯಾದೆಗೆ ನಾನು ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದೆ.

ಮುಂದೆ ಹುಬ್ಬಳ್ಳಿಯಲ್ಲಿ ಚಿತ್ರ ವಿತರಕರೊಬ್ಬರ ಕಚೇರಿ ಸೇರಿ, ಅಲ್ಲಿಯೇ ನಿವೃತ್ತನಾದೆ. ಆ ಕಾಲದ ಗೆಳೆಯರು ಎಲ್ಲಿಯಾದರೂ ಸೇರಿದರೆ ಈಗಲೂ ತಿಕೋಟಾದ ಸಂಗತಿ ತೆಗೆಯುತ್ತಾರೆ. ಅವರಿಗೆ ಅದು ನನ್ನ ಮಾತಿನ ತಾಕತ್ತಿನ ಕಥೆ. ಅವರು ಬೆನ್ನು ಚಪ್ಪರಿಸುತ್ತಾರೆ, ನಾನು ಚಹಾದ ಕಪ್ಪು ನೋಡುತ್ತಾ ಕೂಡುತ್ತೇನೆ. ಅದು ಹೊಗಳಿಸಿಕೊಳ್ಳುವ ಸಂಗತಿಯಲ್ಲ, ನಾಚಿಕೆಯ ಸಂಗತಿ.

ಆ ವರ್ಷ ಸುಗ್ಗಿಯ ಮುಂಚೆ ನಮಗೆ ಬಂದ ಇಂಗ್ಲಿಷ್ ಚಿತ್ರದ ಹೆಸರು ನನಗೆ ಕೊನೆಯವರೆಗೂ ತಿಳಿಯಲಿಲ್ಲ, ಹೆಸರಿದ್ದ ತುಂಡನ್ನೇ ಯಾರೋ ಕತ್ತರಿಸಿದ್ದರು. ಬೂದು ಬಣ್ಣದ ಉದ್ದ ಕೋಟು ಹಾಕಿದ ಒಬ್ಬ ಮನುಷ್ಯ ರೈಲಿನಿಂದ ಇಳಿಯುತ್ತಾನೆ. ಒಬ್ಬ ವಿಧವೆಯ ಮನೆಯ ಅಟ್ಟದ ಕೋಣೆ ಬಾಡಿಗೆಗೆ ಹಿಡಿಯುತ್ತಾನೆ. ಎದುರಿಗೆ ಹೊಸ ಸೇತುವೆ. ಅದನ್ನು ಉದ್ಘಾಟಿಸಲು ಬರುವ ಮಂತ್ರಿಯನ್ನು ಕಿಟಕಿಯಿಂದಲೇ ಗುಂಡಿಟ್ಟು ಕೊಲ್ಲುವುದು ಅವನ ಕೆಲಸ. ಬಂದೂಕನ್ನು ಬಿಚ್ಚಿ ಛತ್ರಿಯೊಳಗೆ ಅಡಗಿಸಿಟ್ಟಿರುತ್ತಾನೆ. ಕೊನೆಗೆ ಪೊಲೀಸರು ಬಾಗಿಲು ಒಡೆಯುವ ಹೊತ್ತಿಗೆ ಅವನ ಗುಂಡು ತಪ್ಪುತ್ತದೆ, ಅವನು ಸಾಯುತ್ತಾನೆ.

ಇದನ್ನೆಲ್ಲ ಹೇಳುವುದು ಸುಲಭವಿತ್ತು. ಅವನು ಆ ವಿಧವೆಯ ಗಡಿಯಾರವನ್ನು ಪದೇ ಪದೇ ಯಾಕೆ ನೋಡುತ್ತಾನೆ, ಕಿಟಕಿಯ ಗಾಜಿಗೆ ರೂಪಾಯಿಯಷ್ಟು ತೂತು ಯಾಕೆ ಕೊರೆಯುತ್ತಾನೆ, ಕೈಗವಸುಗಳನ್ನು ಒಲೆಗೆ ಯಾಕೆ ಹಾಕುತ್ತಾನೆ ಎಂದು ಜನ ಕೂಗಿ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ತೊಡಕು ಇದ್ದದ್ದು ನಾಲ್ಕನೆಯ ರೀಲಿನಲ್ಲಿ. ಅದು ಡಬ್ಬಿಯಲ್ಲಿ ಇರಲೇ ಇಲ್ಲ. ಅವನಿಗೂ ಮಂತ್ರಿಗೂ ಏನು ವೈರ ಎಂಬ ಸಂಗತಿ ಇದ್ದದ್ದು ಪ್ರಾಯಶಃ ಅದರಲ್ಲಿಯೇ.

ವಿಜಾಪುರದಲ್ಲಿ ಕೋಟೆ ಗೋಡೆಯ ಹತ್ತಿರ ಡೇರೆ ಹಾಕಿದ್ದಾಗ, ಅವನು ರೊಕ್ಕ ತೆಗೆದುಕೊಂಡು ಕೊಲ್ಲಲು ಬಂದಿದ್ದಾನೆ ಎಂದು ಹೇಳಿದೆ. ಜನಕ್ಕೆ ರುಚಿಸಲಿಲ್ಲ. ಮುಂದಿನ ಸಾಲಿನಿಂದ ಒಬ್ಬ ಎದ್ದು, "ಅಂವನ ಮುಖಾ ನೋಡ್ರಿ ಮಾಸ್ತರ, ಅದೇನ ರೊಕ್ಕಕ್ಕ ಬಂದಾಂವನ ಮುಖಾ ಏನ್ರಿ?" ಎಂದ. ಡೇರೆಯೆಲ್ಲ ನಕ್ಕಿತು. ಆಟ ಮುಗಿದ ಮೇಲೆ ಟಾಕೀಸಿನ ಮಾಲೀಕರು ನನ್ನನ್ನು ಕರೆದರು.

"ಮಾಸ್ತರ, ಮಂದಿಗೆ ಸಿಟ್ಟ ಬೇಕಾಗೇತಿ. ಅಂವಗೊಂದ ಸಿಟ್ಟ ಕೊಡ್ರಿ" ಎಂದರು.

ತಿಕೋಟಾಕ್ಕೆ ಹೋದಾಗ ಆ ಸಿಟ್ಟನ್ನು ಹುಡುಕುವುದೇ ನನ್ನ ಕೆಲಸವಾಯಿತು. ನನಗೆ ಒಂದು ಪದ್ಧತಿ ಇತ್ತು. ಯಾವ ಊರಿಗೆ ಹೋದರೂ ಮಧ್ಯಾಹ್ನ ಚಹಾದ ಹೋಟೆಲಿನಲ್ಲಿ ಕುಳಿತು ಊರ ಮಾತು ಕೇಳುವುದು, ಸಂಜೆ ಅದರಲ್ಲಿ ಒಂದೆರಡನ್ನು ಚಿತ್ರದೊಳಗೆ ಸೇರಿಸಿಬಿಡುವುದು. ಚಿತ್ರದ ಸಾಹೇಬನ ಬಾಯಲ್ಲಿ ತಮ್ಮೂರ ಮಾತು ಬಂದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಅವತ್ತು ಹೋಟೆಲಿನಲ್ಲಿ ಬಾವಿಯ ಮಾತು ನಡೆದಿತ್ತು. ಆ ಭಾಗದಲ್ಲಿ ಕಲ್ಲು ಬಂಡೆ ಸಿಕ್ಕರೆ ತೂತು ಹೊಡೆದು ಮದ್ದು ತುಂಬಿ ಸಿಡಿಸುತ್ತಾರೆ, ಅದಕ್ಕೆ ಸುರುಂಗ ಎನ್ನುತ್ತಾರೆ. ಹಚ್ಚಿದ ಸುರುಂಗಗಳು ಎಷ್ಟು ಹಾರಿದವು ಎಂದು ಮೇಲೆ ನಿಂತವರು ಕಿವಿಯಿಂದಲೇ ಎಣಿಸಬೇಕು. ಒಂದು ಕಡಿಮೆಯಾದರೆ ಅವತ್ತು ಯಾರೂ ಕೆಳಗೆ ಇಳಿಯಬಾರದು. ಒಬ್ಬ ಸಾಹುಕಾರರ ಬಾವಿಯಲ್ಲಿ ಒಂದು ಹಾರಿರಲಿಲ್ಲವಂತೆ. ಅದು ಗೊತ್ತಿದ್ದೂ, ದಿನದ ಕೆಲಸ ಕೆಡುತ್ತದೆಂದು ಸಾಹುಕಾರರು ಒಬ್ಬ ಹುಡುಗನನ್ನು ಇಳಿಸಿದರಂತೆ. ಅದು ಸಿಡಿದು ಅವನು ಸತ್ತ ಮೇಲೆ, ಕುಡಿದು ತಾನೇ ಇಳಿದ ಎಂದು ಮಾತು ಹಬ್ಬಿಸಿದರಂತೆ. ಹೇಳುವವರು ದನಿ ತಗ್ಗಿಸಿ ಹೇಳುತ್ತಿದ್ದರು. ಯಾರು ಆ ಸಾಹುಕಾರರು, ಸತ್ತವನಿಗೆ ಯಾರಿದ್ದಾರೆ ಎಂದು ನಾನು ಕೇಳಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು, ಚಹಾ ಮುಗಿಸಿ ಎದ್ದೆ.

ನಮ್ಮದು ಒಂದೇ ಪ್ರೊಜೆಕ್ಟರು. ಒಂದು ರೀಲು ಮುಗಿದರೆ ಇನ್ನೊಂದನ್ನು ಏರಿಸುವವರೆಗೆ ಡೇರೆಯಲ್ಲಿ ದೀಪ ಹಚ್ಚುತ್ತಿದ್ದರು. ಆ ಬಿಡುವೇ ನನ್ನ ದೊಡ್ಡ ವೇಳೆ. ಮೂರನೆಯ ರೀಲು ಮುಗಿದು ದೀಪ ಹತ್ತಿತು, ನಾನು ಶುರು ಮಾಡಿದೆ.

"ಈಗ ಕೇಳ್ರಿ, ಈ ಕೋಟಿನಾಂವ ಯಾಕ ಬಂದಾನಂತ. ಇಂವಗೊಬ್ಬ ತಮ್ಮ ಇದ್ದ. ಬಾವಿ ಕೆಲಸಕ್ಕ ಹೋಗತಿದ್ದ. ಒಂದ ಸುರುಂಗ ಹಾರಿದ್ದಿಲ್ಲ. ಈ ಮಂತ್ರಿ ಆವಾಗ ಸಾವ್ಕಾರ ಇದ್ದ, ಅಂವಗ ಗೊತ್ತಿತ್ತು. ಗೊತ್ತಿದ್ದೂ ಇಳಿ ಅಂದ. ಹುಡುಗ ಸತ್ತ ಮ್ಯಾಲ, ಕುಡದಿದ್ದ ಅಂತ ಊರಿಗೆಲ್ಲಾ ಹೇಳಿದ."

ಡೇರೆ ಸ್ತಬ್ಧವಾಯಿತು. ನನ್ನ ಮಾತು ನಾಟಿತು ಎಂದುಕೊಂಡೆ, ಇನ್ನಷ್ಟು ಏರಿಸಿದೆ, ಬಾವಿಯೊಳಗಿನಿಂದ ಬಂದ ಹುಡುಗನ ಕೂಗನ್ನೂ ಸೇರಿಸಿದೆ. ಆಮೇಲೆ ನೋಡುತ್ತೇನೆ, ಜನ ಪರದೆಯ ಕಡೆಗೆ ನೋಡುತ್ತಿಲ್ಲ. ಅರ್ಧ ಮಂದಿ ಖುರ್ಚಿಗಳ ಸಾಲಿನಲ್ಲಿ ತಲೆಗೆ ಬಿಳಿ ಪಟಗಾ ಸುತ್ತಿ ಕುಳಿತಿದ್ದ ಹಿರಿಯರೊಬ್ಬರನ್ನು ನೋಡುತ್ತಿದ್ದರು. ಉಳಿದವರು ಕೆಳಗೆ ಉಸುಕಿನ ಮೇಲೆ ಕುಳಿತ ಒಬ್ಬ ಬಡಕಲು ಮನುಷ್ಯನನ್ನು ನೋಡುತ್ತಿದ್ದರು. ಅವನೊಬ್ಬನೇ ನನ್ನನ್ನು ನೋಡುತ್ತಿದ್ದ. ಅಷ್ಟರಲ್ಲಿ ದೀಪ ಆರಿತು, ಐದನೆಯ ರೀಲು ಓಡಿತು.

ಆಟ ಬಿಟ್ಟ ಮೇಲೆ ಆ ಮನುಷ್ಯ ಬಂದು ನನ್ನ ಮುಂದೆ ನಿಂತ. ಅವನ ಹೆಸರು ಭೀಮಪ್ಪ. ಬಾವಿಯಲ್ಲಿ ಸತ್ತ ರಾಯಪ್ಪ ಅವನ ತಮ್ಮ. ಆಗ ಭೀಮಪ್ಪ ಸೊಲ್ಲಾಪುರದ ಗಿರಣಿಯಲ್ಲಿದ್ದ, ಮಣ್ಣಿಗೆ ಬಂದಾಗ ತಮ್ಮ ಕುಡಿದು ಸತ್ತ ಎಂದು ಅವನಿಗೆ ಹೇಳಿದ್ದರು. ತಾಯಿ ಒಬ್ಬಳೇ ಆದಳೆಂದು ಅವನು ಊರಲ್ಲಿಯೇ ಉಳಿದ. ಬಿಳಿ ಪಟಗಾದ ಆ ಸಾಹುಕಾರರೇ ಕರೆದು ತಮ್ಮ ಹೊಲದಲ್ಲಿ ಕೆಲಸ ಕೊಟ್ಟಿದ್ದರು. ಇದನ್ನೆಲ್ಲ ನಾನು ಆಮೇಲೆ ತಿಳಿದದ್ದು. ಅವತ್ತು ಅವನು ಒಂದೇ ಮಾತು ಕೇಳಿದ.

"ಮಾಸ್ತರ, ನೀವು ಹೇಳಿದ್ದು ಸಿನಿಮಾದಾಗ ಐತೋ, ನೀವು ಹಚ್ಚಿ ಹೇಳಿದ್ದೋ?"

ಅವನ ಹಿಂದೆ ಮಾಲೀಕರು ನಿಂತು ನನ್ನ ಮುಖ ನೋಡುತ್ತಿದ್ದರು. ಡೇರೆಗೆ ಬೆಂಕಿ ಬಿದ್ದೀತು ಎಂಬ ಭಯ ಅವರಿಗೆ, ನನಗೂ ಅದೇ. "ಸಿನಿಮಾದಾಗ ಐತಿ" ಎಂದೆ. ಅವನು ತಲೆಯಾಡಿಸಿ ಹೊರಟುಹೋದ. ನಾವು ಮರುದಿನವೇ ಡೇರೆ ಬಿಚ್ಚಿ ಬಬಲೇಶ್ವರಕ್ಕೆ ಸಾಗಿಸಿದೆವು.

ಬಬಲೇಶ್ವರದ ಮೊದಲ ಆಟಕ್ಕೆ ಅವನು ಬಂದಿದ್ದ. ಮುಂದಿನ ಸಾಲಿನಲ್ಲಿಯೇ, ಮೊಣಕಾಲು ತಬ್ಬಿಕೊಂಡು ಕುಳಿತಿದ್ದ. ಯಾಕೆ ಬಂದಿದ್ದಾನೆ ಎಂದು ನನಗೆ ಕೂಡಲೇ ತಿಳಿಯಿತು. ಇಲ್ಲಿಯೂ ನಾನು ಅದೇ ಕಥೆ ಹೇಳಿದರೆ ಅದು ಚಿತ್ರದ್ದು. ಬೇರೆ ಹೇಳಿದರೆ ತಿಕೋಟಾದಲ್ಲಿ ಹೇಳಿದ್ದು ಊರ ಮಾತು, ಅಂದರೆ ಅವನ ತಮ್ಮನ ಸಾವು. ನನ್ನ ಬಾಯಿಂದ ಬರುವ ನಾಲ್ಕು ಮಾತಿನ ಮೇಲೆ ಆ ಮನುಷ್ಯ ತನ್ನ ಸಾಹುಕಾರನನ್ನು ಏನು ಮಾಡಬೇಕೆಂದು ತೀರ್ಮಾನಿಸುವವನಿದ್ದ. ಮೊದಲ ಮೂರು ರೀಲು ನಾನು ಏನು ವಿವರಣೆ ಕೊಟ್ಟೆನೋ ದೇವರಿಗೇ ಗೊತ್ತು. ದೀಪ ಹತ್ತಿತು. ಅದೇ ಕಥೆ ಹೇಳಿದೆ. ತಮ್ಮ, ಬಾವಿ, ಸುರುಂಗ, ಕುಡಿದ ಎಂಬ ಸುಳ್ಳು, ಒಂದನ್ನೂ ಬಿಡಲಿಲ್ಲ. ಒಂದು ಕೊಲೆ ತಪ್ಪಿಸುತ್ತಿದ್ದೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನ್ನ ಚರ್ಮ ಉಳಿಸಿಕೊಳ್ಳುತ್ತಿದ್ದೆ.

ಆಟ ಮುಗಿದ ಮೇಲೆ ಭೀಮಪ್ಪ ಬಂದ. ಅವನ ಮುಖ ಹಗುರಾದಂತೆ ನನಗೆ ಕಂಡಿತು.

"ಹಂಗಾರ ಸಿನಿಮಾದ್ದ ಐತ್ರಿ" ಎಂದ.

"ಹೌದಪ್ಪಾ."

"ನಂದ ತಪ್ಪಾತ್ರಿ ಮಾಸ್ತರ. ಮರದಿನ ಮುಂಜಾನೆ ಮಂದಿ ಮುಂದ ಸಾವ್ಕಾರ್ರನ್ನ ಕೇಳಿಬಿಟ್ಟೆ. ಅವತ್ತಿಂದ ಹೊಲಕ್ಕ ಕಾಲಿಟ್ಟಿಲ್ಲ. ನಮ್ಮವ್ವ ಬೈಯಾಕತ್ಯಾಳ. ನಾಳೆ ಒಂದೀಟು ನನ್ನ ಜೋಡಿ ಬರ್ರಿ. ಅದು ಸಿನಿಮಾದ್ದಂತ ನೀವೊಂದ ಮಾತ ಹೇಳ್ರಿ, ನಾ ಅವರ ಕಾಲ ಹಿಡೀತೀನಿ."

ಅಲ್ಲಿಯೇ ನಿಜ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಬರುವುದಿಲ್ಲ ಎಂದರೆ ಸಿಕ್ಕಿಬೀಳುತ್ತೇನೆ ಎಂಬ ಲೆಕ್ಕದಲ್ಲಿ, ಆಗಲಿ ಬರುತ್ತೇನೆ ಎಂದೆ. ತಮ್ಮನನ್ನು ಕಳೆದುಕೊಂಡವನು, ಆ ಸಾವಿಗೆ ಕಾರಣರಾದವರ ಕಾಲು ಹಿಡಿಯಲು ಹೊರಟಿದ್ದ, ನಾನು ಸಾಕ್ಷಿಗೆ ಹೊರಟಿದ್ದೆ.

ಮರುದಿನ ತಿಕೋಟಾದಲ್ಲಿ ಸಾಹುಕಾರರು ಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದರು. ಪಕ್ಕದಲ್ಲಿ ಊರಿನ ನಾಲ್ಕು ಮಂದಿ. ಭೀಮಪ್ಪ ಅಂಗಳದಲ್ಲಿ ಚಪ್ಪಲಿ ಬಿಟ್ಟ. ನಾನು ಕೈಮುಗಿದು, "ಅವತ್ತ ನಾ ಹೇಳಿದ್ದು ಇಂಗ್ಲಿಷ್ ಸಿನಿಮಾದ ಕಥೀರಿ. ಈ ಊರಿಗೂ ಅದಕ್ಕೂ ಸಂಬಂಧಿಲ್ರಿ" ಎಂದೆ.

"ನಾನೂ ಅದನ್ನ ಹೇಳೀನಿ" ಎಂದರು ಸಾಹುಕಾರರು, ಯಾರ ಮುಖವನ್ನೂ ನೋಡದೆ. "ಹುಡುಗ ಸಿಟ್ಟಿನಾಗ ಮಾತಾಡ್ಯಾನ, ಹೋಗಲಿ ಬಿಡ್ರಿ."

ಭೀಮಪ್ಪ ಮುಂದೆ ಹೋಗಿ ಬಾಗಿದ. ದಿನಾ ಹತ್ತು ಮಂದಿಯಿಂದ ಕಾಲು ಮುಟ್ಟಿಸಿಕೊಳ್ಳುವ ಮನುಷ್ಯ ಅವರು. ಭೀಮಪ್ಪನ ಬೆರಳು ತಾಗುವ ಮೊದಲೇ, ಕೆಂಡ ತುಳಿದವರ ಹಾಗೆ, ಎರಡೂ ಕಾಲುಗಳನ್ನು ಸರಕ್ಕನೆ ಮೇಲಕ್ಕೆ ಎಳೆದುಕೊಂಡುಬಿಟ್ಟರು.

ಕಟ್ಟೆಯ ಮೇಲಿನವರು ಬೇರೆ ಕಡೆ ನೋಡಿದರು. ಭೀಮಪ್ಪನ ಕೈ ಬರಿಯ ಕಟ್ಟೆಯ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಇತ್ತು. ಆಮೇಲೆ ಎದ್ದು, ಅಂಗೈ ಒರೆಸಿಕೊಂಡು, ಸಾಹುಕಾರರ ಮುಖವನ್ನು ಒಮ್ಮೆ ನೋಡಿದ. ಅವರು ತಲೆ ಎತ್ತಲಿಲ್ಲ. "ಬರ್ತೀನ್ರಿ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡ.

ಬಸ್ಸಿನ ಕಡೆಗೆ ನಡೆಯುವಾಗ ನನಗೆ ತಡೆಯಲಾಗಲಿಲ್ಲ. "ಭೀಮಪ್ಪಾ, ಅದು ಸಿನಿಮಾದ್ದಲ್ಲ. ಇಲ್ಲೇ ಹೋಟೆಲ್‌ದಾಗ ಕೇಳಿದ್ದು. ಆ ರೀಲ ನಮ್ಮ ಕಡೆ ಇಲ್ಲ" ಎಂದೆ. ಅವನು ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಹಗುರಾಗುತ್ತಿದ್ದೆ.

"ಬಬಲೇಶ್ವರದಾಗನ ಗೊತ್ತಾತ್ರಿ" ಎಂದ. "ಇಲ್ಲಿ ಹೇಳುಮುಂದ ನೀವು ಮಂದೀನ್ನ ನೋಡಿಕೋತ ಹೇಳಿದ್ರಿ. ಅಲ್ಲಿ ನೆಲಾ ನೋಡಿಕೋತ ಹೇಳಿದ್ರಿ."

"ಗೊತ್ತಿದ್ದೂ ಯಾಕ ಕಾಲ ಹಿಡ್ಯಾಕ ಬಂದಿ?"

"ನಮ್ಮವ್ವಗ ಈ ಊರ ಬಿಟ್ಟ ಬ್ಯಾರೆ ಊರ ಗೊತ್ತಿಲ್ರಿ. ಸುಳ್ಳರ ಇರಲಿ, ನಿಮ್ಮ ಮಾತ ನಂಬಿ ಅವರ ಹೊಲದಾಗ ದುಡಕೊಂಡ ಇರೂಣು ಅಂದಿದ್ದೆ. ಅವರ ಕಾಲ ನಂಬಗೊಡಲಿಲ್ಲ."

ಅವನು ಸಾಹುಕಾರನಿಗೆ ಏನು ಮಾಡಿಯಾನೋ ಎಂಬ ದಿಗಿಲು ನನಗೆ ಇನ್ನೂ ಇತ್ತು. ಹೇಗೋ ಧೈರ್ಯ ಮಾಡಿ, ಮುಂದೆ ಏನು ಮಾಡುತ್ತೀ ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯ ಒಳಗಿನದು ತಿಳಿಯಿತು.

"ಅವ್ವನ್ನ ಕರಕೊಂಡ ಸೊಲ್ಲಾಪುರಕ್ಕ ಹೋಗತೀನ್ರಿ. ನಾ ಕೈಯಾಗ ಏನರ ಹಿಡಕೊಂಡ್ರ ಆಕೀಗೆ ರೊಟ್ಟಿ ಹಾಕಾವ್ರ ಯಾರದಾರ? ನಿಮ್ಮ ಕೋಟಿನಾಂವಗ ಹಿಂದ ಯಾರೂ ಇದ್ದಿಲ್ಲ, ಅಂವಗ ನಡೀತು."

ಸುಗ್ಗಿ ಮುಗಿಯುವ ಮೊದಲೇ ಅವರಿಬ್ಬರೂ ಊರು ಬಿಟ್ಟರು ಎಂದು ಆಮೇಲೆ ಕೇಳಿದೆ. ಸಾಹುಕಾರರ ಮೇಲೆ ಯಾವ ಫಿರ್ಯಾದೂ ಆಗಲಿಲ್ಲ. ಆ ತಾಯಿಗೆ ತನ್ನ ಮಗ ಕುಡಿದು ಸಾಯಲಿಲ್ಲ ಎಂದು ಭೀಮಪ್ಪ ಹೇಳಿದನೋ, ಹೇಳದೆ ನುಂಗಿಕೊಂಡನೋ, ನನಗೆ ತಿಳಿಯದು. ವಿಚಾರಿಸುವ ಮುಖ ನನಗೆ ಇರಲಿಲ್ಲ. ಮುಂದಿನ ಊರಿನಲ್ಲಿ ಆ ದೀಪ ಹತ್ತಿದಾಗ, ಇವನು ಯಾಕೆ ಕೊಲ್ಲಲು ಬಂದನೋ ನನಗೂ ಗೊತ್ತಿಲ್ಲ ಎಂದು ಹೇಳಿ ಸುಮ್ಮನಾದೆ. ಜನ ಗಲಾಟೆ ಮಾಡಿದರು, ಮಾಲೀಕರು ಬೈದರು, ಆ ವರ್ಷವೇ ನಾನು ಆ ಕೆಲಸ ಬಿಟ್ಟೆ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಪರದೆಯ ಮೇಲಿನವನಿಗೆ ನಾವು ಯಾವ ಕಾರಣ ಬೇಕಾದರೂ ಹಚ್ಚಬಹುದು, ಆಟ ಮುಗಿದರೆ ಅವನ ಪಾಡೂ ಮುಗಿಯುತ್ತದೆ. ಕೆಳಗೆ ಕುಳಿತವನು ಮಾತ್ರ ಆ ಕಾರಣವನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾನೆ, ಅದರ ಜೊತೆಗೇ ಬಾಳಬೇಕಾಗುತ್ತದೆ. ಒಬ್ಬ ಮನುಷ್ಯ ಯಾಕೆ ಕೊಲ್ಲುತ್ತಾನೆ ಎಂದು ಊರೂರಿಗೆ ಮೈಕಿನಲ್ಲಿ ಹೇಳಿದೆ. ಯಾಕೆ ಕೊಲ್ಲದೆ ಇರುತ್ತಾನೆ ಎಂಬುದನ್ನು ತಿಕೋಟಾದ ರಸ್ತೆಯಲ್ಲಿ ಭೀಮಪ್ಪ ನನಗೆ ಹೇಳಿದ, ನಾನು ಅವನಿಗೆ ಕೈಮುಗಿಯುವುದನ್ನೂ ಮರೆತು ಬಸ್ಸು ಹತ್ತಿದೆ.